ಎರಡನೆಯ ಮೀಟರ್

ಮನೆ ಇಬ್ಭಾಗವಾಯಿತೆಂದರೆ ಜಗಳವಾಗಿರಬೇಕು ಎಂದು ಜನ ತಿಳಿಯುತ್ತಾರೆ. ಆ ಮನೆಯಲ್ಲಿ ಜಗಳವಾಗಿರಲಿಲ್ಲ. ಅಣ್ಣತಮ್ಮಂದಿರು ಒಬ್ಬರ ಅಂಗಿ ಒಬ್ಬರು ಹಾಕಿಕೊಳ್ಳುತ್ತಿದ್ದರು, ವಾರಗಿತ್ತಿಯರು ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಅಲ್ಲಿ ಎರಡಾದದ್ದು ಕರೆಂಟಿನ ಮೀಟರ್. ಎರಡು ಮಾಡಿಸೋಣ ಎಂದು ಮೊದಲು ಬಾಯಿಬಿಟ್ಟವಳು ದೊಡ್ಡಮ್ಮ. ಅದೂ ಎಲ್ಲರೂ ಒಟ್ಟಿಗೆ ಇರಲಿ ಎಂದು.

ಅವಳು ಬೀದಿಗೆಲ್ಲ ದೊಡ್ಡಮ್ಮ ಆದದ್ದು ಒಂದು ಮಗುವಿನಿಂದ. ಗಂಡ ಇಸ್ತ್ರಿಯವನು, ಮನೆಯ ಮುಂದಿನ ಕೋಣೆಯಲ್ಲೇ ಮೇಜು ಹಾಕಿಕೊಂಡು, ಎದುರಿನ ಅಪಾರ್ಟ್‌ಮೆಂಟುಗಳಿಂದ ಬರುವ ಅಂಗಿ, ಪ್ಯಾಂಟು, ಹೊದಿಕೆಗಳನ್ನು ಒತ್ತಿ ಕೊಡುತ್ತಿದ್ದ. ಮೈದುನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್; ಒಂದು ವಾರ ಹಗಲಿನ ಪಾಳಿ, ಒಂದು ವಾರ ರಾತ್ರಿಯದು. ಹೆರಿಗೆ ರಜೆ ಮುಗಿದ ದಿನ ನರ್ಸು ಕೂಸನ್ನು ದೊಡ್ಡಮ್ಮನ ಮಡಿಲಿಗೆ ಹಾಕಿ ಹಿಂದಿರುಗಿ ನೋಡದೆ ಕೆಲಸಕ್ಕೆ ಹೋದಳು. ನೋಡಿದ್ದರೆ ಹೋಗಲು ಆಗುತ್ತಿರಲಿಲ್ಲ. ದೊಡ್ಡಮ್ಮನಿಗೆ ಮಕ್ಕಳಾಗಿರಲಿಲ್ಲ, ಆಗುವ ವಯಸ್ಸೂ ದಾಟಿತ್ತು. ಆ ಕೂಸು ಬಿಸಿ ಬಟ್ಟೆಗಳ ಗಂಟಿನ ಪಕ್ಕದಲ್ಲಿ, ಒದ್ದೆ ಹತ್ತಿ ಬಟ್ಟೆಯ ವಾಸನೆಯಲ್ಲಿ ಬೆಳೆಯಿತು. ನಾಲಿಗೆ ಹೊರಳದ ಕಾಲದಲ್ಲಿ ಅದು ‘ದೊಮ್ಮ’ ಎಂದದ್ದು ಹಾಗೆಯೇ ಉಳಿಯಿತು. ಅವಳು ಅದನ್ನು ಮರಿ ಎಂದು ಕರೆದಳು. ಉಳಿದವರಿಗೂ ಅದು ಮರಿಯೇ ಆಯಿತು.

ಮರಿ ಮಲಗುತ್ತಿದ್ದದ್ದು ದೊಮ್ಮನ ಪಕ್ಕದಲ್ಲಿ, ಅವಳ ಹೆಬ್ಬೆರಳು ಹಿಡಿದುಕೊಂಡು. ಆ ಬೆರಳ ತುದಿ ಎಷ್ಟೋ ಸಲ ಇಸ್ತ್ರಿ ಪೆಟ್ಟಿಗೆಗೆ ತಾಗಿ ಗಟ್ಟಿಯಾಗಿತ್ತು. ಅದನ್ನು ಉಜ್ಜುತ್ತ ಉಜ್ಜುತ್ತ ಮಗುವಿಗೆ ನಿದ್ದೆ ಹತ್ತುತ್ತಿತ್ತು.

ಕರೆಂಟಿನ ವಿಷಯದಲ್ಲಿ ದೊಡ್ಡಮ್ಮನದು ಬಿಗಿ ಕೈ. ಜಿಪುಣತನ ಅಲ್ಲ, ಕಸುಬು ಕಲಿಸಿದ ಬುದ್ಧಿ ಅದು. ಪ್ಲಗ್ ಕಿತ್ತ ಮೇಲೂ ಇಸ್ತ್ರಿ ಪೆಟ್ಟಿಗೆ ಬಹಳ ಹೊತ್ತು ಬಿಸಿಯಾಗಿರುತ್ತದೆ. ಆದ್ದರಿಂದ ದಪ್ಪ ಬಟ್ಟೆಗಳನ್ನು ಮೊದಲು ಮುಗಿಸಿ, ಪ್ಲಗ್ ಕಿತ್ತು, ಉಳಿದ ಕಾವಿನಲ್ಲಿ ಕರವಸ್ತ್ರ, ದಿಂಬಿನ ಚೀಲ, ಮಕ್ಕಳ ಬಟ್ಟೆ ಒತ್ತಬೇಕು. ಗಂಡನಿಗೆ ಅದನ್ನು ರೂಢಿ ಮಾಡಿಸಿದವಳು ಅವಳೇ. ಅನ್ನ ಅರ್ಧ ಬೆಂದಾಗ ಒಲೆ ಆರಿಸಿ ಪಾತ್ರೆಗೆ ಹಳೆಯ ಟವೆಲ್ ಸುತ್ತಿ ಇಡುತ್ತಿದ್ದಳು. ಅದು ತನ್ನ ಬಿಸಿಯಲ್ಲೇ ಅರಳಿಕೊಳ್ಳುತ್ತಿತ್ತು. ಇವಳನ್ನು ಬಿಟ್ಟರೆ ಸೂರ್ಯನಿಗೂ ಸ್ವಿಚ್ ಎಲ್ಲಿದೆ ಅಂತ ಹುಡುಕುತ್ತಾಳೆ ಎಂದು ಗಂಡ ನಗುತ್ತಿದ್ದ.

ಅಷ್ಟು ಬಿಗಿ ಹಿಡಿದರೂ ಬಿಲ್ಲು ಏರಿತು. ಗ್ಯಾಸ್ ದುಬಾರಿಯಾದಾಗ ಬೀದಿಯವರೆಲ್ಲ ಕರೆಂಟ್ ಒಲೆ ಕೊಂಡರು, ಇವರೂ ಕೊಂಡರು. ಮೈದುನನ ಸಂಬಳ ಸ್ವಲ್ಪ ಏರಿದ ವರ್ಷ ಫ್ರಿಜ್ಜು ಬಂತು, ಮರುವರ್ಷ ಸ್ನಾನಕ್ಕೆ ಬಿಸಿನೀರಿನ ಗೀಸರ್ ಬಂತು. ಕೈಯಲ್ಲಿ ನಾಲ್ಕು ಕಾಸು ಆಡಿದರೆ ಯಾರಾದರೂ ಮೊದಲು ಮೈಗೆ ಸುಖ ಕೊಡುವುದನ್ನೇ ತರುತ್ತಾರೆ, ತಪ್ಪೇನಿಲ್ಲ. ಆದರೆ ಕರೆಂಟಿನ ದರಕ್ಕೆ ಒಂದು ಗೆರೆ ಇತ್ತು. ತಿಂಗಳಿಗೆ ನೂರು ಯೂನಿಟ್ಟಿನ ಒಳಗಿದ್ದ ಮನೆಗೆ ಅಗ್ಗದ ದರ. ಒಂದೇ ಒಂದು ಯೂನಿಟ್ ದಾಟಿದರೂ ಮೊದಲಿನಿಂದ ಕೊನೆಯವರೆಗೆ ಎಲ್ಲದಕ್ಕೂ ದುಬಾರಿ ದರ. ಆ ಮನೆಯಲ್ಲಿ ಅದಕ್ಕೆ ‘ಗೆರೆ’ ಎಂದೇ ಹೆಸರು. ಇವತ್ತು ಗೀಸರ್ ಹಾಕಿದರೆ ಗೆರೆ ದಾಟುತ್ತೆ, ನಾಳೆ ಮಳೆ ಬಂದು ಫ್ಯಾನ್ ಬೇಡವಾದರೆ ಗೆರೆ ಒಳಗೇ ಇರ್ತೀವಿ ಎಂದು ಮಾತಾಡಿಕೊಳ್ಳುತ್ತಿದ್ದರು. ಮರಿಗೆ ಎಣಿಸಲು ಬರುವ ಮೊದಲೇ ಗೆರೆ ಎಂದರೇನು ಎಂದು ಗೊತ್ತಾಗಿತ್ತು.

ಎರಡು ಸಂಸಾರ, ಇಸ್ತ್ರಿ ಕಸುಬು ಬೇರೆ. ಗೆರೆಯ ಒಳಗೆ ಇರುವುದು ಹೇಗೆ? ಪ್ರತಿ ತಿಂಗಳೂ ದಾಟಿತು. ಆಗ ಆ ಮನೆಯವರು ಜಗಳವಾಡಿದ್ದರೆ ಚೆನ್ನಾಗಿತ್ತೇನೋ, ಅವರು ಸಂಕೋಚಪಟ್ಟರು. ಅಣ್ಣನಿಗೆ ತನ್ನ ಇಸ್ತ್ರಿಯಿಂದಲೇ ಬಿಲ್ಲು ಏರಿತೆಂಬ ಸಂಕೋಚ, ತಮ್ಮನಿಗೆ ತನ್ನ ಗೀಸರಿನಿಂದ ಎಂಬ ಸಂಕೋಚ. ನರ್ಸು ಚಳಿಯಲ್ಲಿ ಪಾಳಿ ಮುಗಿಸಿ ಬಂದು ಯಾರಿಗೂ ಹೇಳದೆ ತಣ್ಣೀರು ಸುರಿದುಕೊಂಡು ಜ್ವರ ಬರಿಸಿಕೊಂಡಳು. ಆಮೇಲೆ ಮೈದುನ ಊಟ ಮಾಡುತ್ತ, ತಲೆ ಎತ್ತದೆ, ಡಿಪೋ ಹತ್ತಿರ ಒಂದು ಬಾಡಿಗೆ ಮನೆ ಖಾಲಿಯಾಗಿದೆಯಂತೆ ಎಂದ. ಬೇರೆ ಮನೆ ಮಾಡಿದರೆ ಇಬ್ಬರೂ ಗೆರೆ ಒಳಗಿರುತ್ತೇವೆ, ಉಳಿಯುವುದು ಬಾಡಿಗೆಗೆ ಸರಿಹೋಗುತ್ತದೆ ಎಂದ.

ದೊಡ್ಡಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟಳು. ಮರಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು.

ಮಾರನೆಯ ದಿನ ಮೀಟರ್ ಓದುವವನು ಬಂದಾಗ ಅವಳು ಅವನನ್ನು ಕೂರಿಸಿ ನೀರು ಕೊಟ್ಟು ವಿಚಾರಿಸಿದಳು. ಒಂದೇ ಮನೆಗೆ ಎರಡು ಮೀಟರ್ ಕೊಡುತ್ತಾರಾ? ಕೊಡುತ್ತಾರೆ, ಆದರೆ ಮನೆ ಎರಡು ಎಂದು ಕಾಣಬೇಕು ಎಂದ ಅವನು. ಎರಡು ಒಲೆ, ಎರಡು ಬಾಗಿಲು. ಒಳಗಿನಿಂದ ಓಡಾಡುವ ದಾರಿ ಇರಕೂಡದು. ಇನ್‌ಸ್ಪೆಕ್ಟರ್ ಬಂದು ಕಣ್ಣಾರೆ ನೋಡಿ ಬರೆಯುತ್ತಾರೆ. ಈ ಸಾಲಿನಲ್ಲೇ ಎಷ್ಟೋ ಜನ ಮಾಡಿಸಿಕೊಂಡಿದ್ದಾರೆ ಎಂದೂ ಸೇರಿಸಿದ.

ಅವತ್ತು ಸಂಜೆ ದೊಡ್ಡಮ್ಮ ಎಲ್ಲರನ್ನೂ ಕೂರಿಸಿ ಹೇಳಿದಳು.

“ಬಾಡಿಗೆ ಮನೆ ಗಿನೆ ಏನೂ ಬೇಡ. ಹಿಂದಿನ ಎರಡು ಕೋಣೆ ನಿಮ್ಮದು, ಓಣಿ ಕಡೆ ಬಾಗಿಲಿದೆ. ಮುಂದಿನದು ನಮ್ಮದು. ಮಧ್ಯ ಒಂದು ಹಲಗೆ ಹೊಡೆಯೋಣ. ಅವರು ಬಂದು ನೋಡ್ಕೊಂಡು ಹೋಗ್ಲಿ. ಆಮೇಲೆ ಕಿತ್ತು ಹಾಕಿದ್ರಾಯ್ತು.”

“ನಾಟಕ ಆಡ್ಬೇಕು ಅಂತೀರಿ, ಅತ್ತಿಗೆ,” ಎಂದ ಮೈದುನ.

“ಹೊಟ್ಟೆಪಾಡಿಗೆ ಎಲ್ಲರೂ ಆಡ್ತಾರೆ. ನಾವೊಂದು ಸಲ ಆಡೋಣ.”

ಇಸ್ತ್ರಿಯವನು ಹಳೆಯ ಬೀರುವಿನ ಹಿಂಬದಿಯ ಹಲಗೆ ಬಿಚ್ಚಿ, ಎರಡು ಹಾಳೆ ಪ್ಲೈವುಡ್ ಸೇರಿಸಿ, ನಡುಮನೆಗೆ ಅಡ್ಡಲಾಗಿ ಹೊಡೆದ. ಅವನು ಬಡಗಿಯಲ್ಲ, ಹಲಗೆ ನೆಲಕ್ಕೆ ಸರಿಯಾಗಿ ಕೂರಲಿಲ್ಲ, ಅಡಿಯಲ್ಲಿ ಅಂಗೈ ತೂರುವಷ್ಟು ಸಂದು ಉಳಿಯಿತು. ಇರಲಿ ಬಿಡಿ, ನಾಲ್ಕು ದಿನದ ಹಲಗೆ ಎಂದಳು ದೊಡ್ಡಮ್ಮ. ಹಿಂದಿನ ಕೋಣೆಯಲ್ಲಿ ಒಂದು ಒಲೆ ಇಟ್ಟು, ಸುಳ್ಳೆಂದು ಗೊತ್ತಾಗಬಾರದೆಂದು ಗೋಡೆಗೆ ಎಣ್ಣೆ ಚಿಮುಕಿಸಿದರು. ನರ್ಸು ಬಿದ್ದು ಬಿದ್ದು ನಗುತ್ತಿದ್ದಳು.

ಉಳಿದದ್ದು ಮರಿ. ಆರು ವರ್ಷದ ಬಾಯಿ, ಯಾವಾಗ ಏನು ಹೇಳುತ್ತದೋ. ದೊಡ್ಡಮ್ಮ ಅದನ್ನು ಮುಂದೆ ಕೂರಿಸಿಕೊಂಡು ಪಾಠ ಹೇಳಿಕೊಟ್ಟಳು. ನಿನ್ನ ಮನೆ ಯಾವುದು? ಹಲಗೆಯ ಆ ಕಡೆ. ಊಟ ಎಲ್ಲಿ? ಅಮ್ಮನ ಹತ್ತಿರ. ಮಲಗುವುದು? ಅಮ್ಮನ ಹತ್ತಿರ. ಮರಿ ಮೊದಲು ತಪ್ಪು ತಪ್ಪು ಹೇಳಿತು. ಮಲಗೋದು ದೊಮ್ಮನ ಹತ್ತಿರ ಎಂದೇ ಬರುತ್ತಿತ್ತು. ಸರಿಯಾಗಿ ಹೇಳಿದಾಗಲೆಲ್ಲ ದೊಡ್ಡಮ್ಮ ಒಂದು ಬಿಸ್ಕತ್ತು ಕೊಟ್ಟಳು. ಪೊಟ್ಟಣ ಮುಗಿಯುವ ಹೊತ್ತಿಗೆ ಪಾಠ ಬಂತು.

ಇನ್‌ಸ್ಪೆಕ್ಟರ್ ದಪ್ಪ ಕನ್ನಡಕದ, ದಣಿದ ಮನುಷ್ಯ. ಮುಂದಿನ ಬಾಗಿಲಿನಿಂದ ಬಂದು ನೋಡಿದ, ಓಣಿ ಸುತ್ತಿ ಹಿಂದಿನ ಬಾಗಿಲಿನಿಂದ ಬಂದು ನೋಡಿದ. ಒಲೆ ಮುಟ್ಟಿದ, ಹಲಗೆ ತಟ್ಟಿದ. ಅವನಿಗೆ ಅನುಮಾನ ಇತ್ತು, ಆದರೆ ಅದು ಇಂಥ ಮನೆಗಳನ್ನು ನೋಡಿ ನೋಡಿ ಸವೆದ ಅನುಮಾನ. ಕೊನೆಗೆ ಮೊಣಕಾಲೂರಿ ಕುಳಿತು ಮರಿಯ ಗಲ್ಲ ಹಿಡಿದ.

“ಪುಟ್ಟಿ, ಊಟ ಎಲ್ಲಿ ಮಾಡ್ತೀಯ?”

“ಅಮ್ಮನ ಹತ್ರ.”

“ದೊಡ್ಡಮ್ಮ ಕೊಡಲ್ವಾ?”

ಇದು ಪಾಠದಲ್ಲಿ ಇರಲಿಲ್ಲ. ಮರಿ ಒಂದು ಕ್ಷಣ ಯೋಚಿಸಿ, ಸೊಂಟದ ಮೇಲೆ ಕೈಯಿಟ್ಟು ಹೇಳಿತು:

“ನಾವು ಅವರ ಜೊತೆ ಟೂ ಬಿಟ್ಟಿದೀವಿ. ಮಾತಾಡಲ್ಲ.”

ಇನ್‌ಸ್ಪೆಕ್ಟರ್ ಗಟ್ಟಿಯಾಗಿ ನಕ್ಕ. ಮಕ್ಕಳು ಸುಳ್ಳು ಹೇಳಲ್ಲ ಎಂದು ಹೇಳುತ್ತ ಸಹಿ ಹಾಕಿದ. ಅವನು ಬೀದಿ ದಾಟುವವರೆಗೂ ತಡೆದುಕೊಂಡು ಆಮೇಲೆ ಮನೆಯವರೆಲ್ಲ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ದೊಡ್ಡಮ್ಮ. ಮರಿಯನ್ನು ಎತ್ತಿಕೊಂಡು, ಎಲ್ಲಿ ಕಲಿತೆಯೇ ಕಳ್ಳಿ ಎಂದು ಮುದ್ದಾಡಿದಳು. ಮೆಚ್ಚುಗೆ ಸಿಕ್ಕಿತಲ್ಲ, ಮರಿ ಅದನ್ನೇ ಮನೆಗೆ ಬಂದವರಿಗೆಲ್ಲ ಹೇಳಿತು. ಟೂ ಬಿಟ್ಟಿದೀವಿ.

ಎರಡನೆಯ ಮೀಟರ್ ಬಂತು, ಮೊದಲನೆಯದರ ಪಕ್ಕದಲ್ಲೇ, ಮೈದುನನ ಹೆಸರಿನಲ್ಲಿ. ಮೊದಲ ಕೆಲವು ತಿಂಗಳು ಹಬ್ಬವೇ. ದೊಡ್ಡಮ್ಮ ಎರಡು ಮೀಟರುಗಳನ್ನೂ ಎರಡು ಹಸುಗಳಂತೆ ನೋಡಿಕೊಂಡಳು. ಒಂದಕ್ಕೆ ಆಯಾಸವಾದರೆ ಇನ್ನೊಂದು. ತಿಂಗಳ ಮೊದಲಿನಲ್ಲಿ ಎಲ್ಲರ ಅಡುಗೆ ಮುಂದಿನ ಒಲೆಯಲ್ಲಿ, ಕೊನೆಯಲ್ಲಿ ಹಿಂದಿನ ಒಲೆಯಲ್ಲಿ. ಇಸ್ತ್ರಿಯವನು ಕೆಲವು ದಿನ ಬಟ್ಟೆಯ ಗಂಟು ಹೊತ್ತು ಓಣಿ ಸುತ್ತಿ ತಮ್ಮನ ಮನೆಗೆ ಹೋಗಿ ಒತ್ತಿ ಬರುತ್ತಿದ್ದ. ಇಬ್ಬರೂ ಗೆರೆಯ ಒಳಗೆ. ಬಾಡಿಗೆ ಮನೆಯ ಮಾತು ಯಾರೂ ಎತ್ತಲಿಲ್ಲ. ಗೆದ್ದೆ ಎಂದುಕೊಂಡಳು ದೊಡ್ಡಮ್ಮ.

ಹಲಗೆ ಕೀಳುವ ದಿನ ಮಾತ್ರ ಬರಲಿಲ್ಲ. ಇನ್ನೇನು ಕೀಳಬೇಕು ಎನ್ನುವಾಗ ಅದೇ ಸಾಲಿನ ಒಂದು ಮನೆಗೆ ಹೇಳದೆ ಕೇಳದೆ ತನಿಖೆಯವರು ಬಂದರು. ಅಲ್ಲಿ ಅಡ್ಡಗೋಡೆಗೆ ಬಾಗಿಲು ಇಟ್ಟುಕೊಂಡಿದ್ದರಂತೆ. ಎರಡೂ ಮೀಟರ್ ಕಿತ್ತು, ದಂಡವನ್ನೂ ಹಾಕಿ ಹೋದರು. ಆ ಮನೆಯ ಮುದುಕಿ ವಾರಗಟ್ಟಲೆ ಮೇಣದ ಬತ್ತಿಯಲ್ಲಿ ಉಂಡಳು. ಅಂದಿನಿಂದ ಇವರಿಗೆ ಹೆದರಿಕೆ. ಹಲಗೆ ಇರಲಿ ಎಂದರು. ಒಂದೇ ಕಡೆ ಅಡುಗೆ ಬೇಡ, ಪಾತ್ರೆ ಹೊತ್ತು ಓಣಿಯಲ್ಲಿ ಓಡಾಡಿದರೆ ಜನ ನೋಡುತ್ತಾರೆ ಎಂದರು. ಮರಿ ಆ ಕಡೆಯೇ ಮಲಗಲಿ, ಯಾರಾದರೂ ಬೆಳಿಗ್ಗೆ ಬೇಗ ಬಂದರೆ ಎಂದು ನರ್ಸು ಹಿಂಜರಿಯುತ್ತ ಹೇಳಿದಳು. ಹೌದು ತಂಗಿ, ಅದೇ ಸರಿ ಎಂದಳು ದೊಡ್ಡಮ್ಮ. ಬೇರೆ ಏನು ಹೇಳಲು ಸಾಧ್ಯ? ಪಾಠ ಹೇಳಿಕೊಟ್ಟವಳು ಅವಳೇ.

ಮಕ್ಕಳಿಗೆ ದಾರಿ ಹುಡುಕಲು ಯಾರೂ ಹೇಳಿಕೊಡಬೇಕಾಗಿಲ್ಲ. ಮರಿ ತನ್ನ ಹಾಸಿಗೆಯನ್ನು ಹಲಗೆಗೆ ಒತ್ತಿ ಹಾಕಿಸಿಕೊಂಡಿತು. ದೊಡ್ಡಮ್ಮ ಈ ಕಡೆ ಹಲಗೆಗೆ ಒತ್ತಿ ಮಲಗಿದಳು. ಅಡಿಯ ಸಂದಿನಿಂದ ಒಂದು ಪುಟ್ಟ ಕೈ ಬಂದು ನೆಲವನ್ನು ತಡವುತ್ತಿತ್ತು; ಅವಳು ಹೆಬ್ಬೆರಳು ಕೊಡುತ್ತಿದ್ದಳು. ಹಾಗೆ ಎಷ್ಟೋ ತಿಂಗಳು ನಡೆಯಿತು. ಆ ಸಂದಿನಲ್ಲಿ ಬಿಸ್ಕತ್ತು ಹೋಯಿತು, ಬಣ್ಣದ ಪೆನ್ಸಿಲ್ ಬಂತು, ಬಿದ್ದ ಮೊದಲ ಹಲ್ಲು ಕಾಗದದಲ್ಲಿ ಸುತ್ತಿಕೊಂಡು ಬಂತು. ಹಲಗೆ ನೆಲಕ್ಕೆ ಕೂರದಂತೆ ಹೊಡೆದ ಗಂಡನನ್ನು ದೊಡ್ಡಮ್ಮ ಮನಸ್ಸಿನಲ್ಲೇ ಹರಸಿದಳು.

ಕಾಲ ನಿಂತಿರಲಿಲ್ಲ. ಅಪಾರ್ಟ್‌ಮೆಂಟಿನವರು ಸುಕ್ಕಾಗದ ಬಟ್ಟೆ ಹಾಕತೊಡಗಿದರು, ಹಲವರು ಹಬೆ ಬಿಡುವ ಇಸ್ತ್ರಿಯನ್ನು ಮನೆಯಲ್ಲೇ ಇಟ್ಟುಕೊಂಡರು. ಗಂಟುಗಳು ಕಡಿಮೆಯಾದವು. ಮುಂದಿನ ಕೋಣೆಯ ಮೀಟರ್ ಈಗ ಗೆರೆಯಿಂದ ಎಷ್ಟೋ ಕೆಳಗೆ ನಿಲ್ಲುತ್ತಿತ್ತು. ಅದನ್ನು ಉಳಿತಾಯ ಎನ್ನಲಾಗದು. ದುಡಿಮೆ ಇಲ್ಲದ ಮನೆಯ ಮೀಟರ್ ಹಾಗೆಯೇ ನಿಧಾನ. ಆದರೂ ಅಗ್ಗದ ದರವೂ ಭಾರವೆನಿಸುವಂಥ ದಿನಗಳು ಬಂದವು. ಸಂಜೆ ದೀಪ ಹಚ್ಚುವುದನ್ನು ಇಬ್ಬರೂ ಮುಂದೂಡುತ್ತಿದ್ದರು. ಮುಖ ಕಾಣದಷ್ಟು ಕತ್ತಲಾದ ಮೇಲೆ ಒಂದು ಬಲ್ಬು. ಆ ಕಡೆ ಮೈದುನ ಮೇಲ್ವಿಚಾರಕನಾದ. ನರ್ಸು ತನ್ನ ವಾರ್ಡಿಗೆ ಮುಖ್ಯಸ್ಥೆಯಾದಳು. ರಾತ್ರಿ ಪಾಳಿ ಮುಗಿಸಿ ಬಂದು ಹಗಲಿನ ಸೆಕೆಯಲ್ಲಿ ಹೊರಳಾಡುವ ಹೆಂಗಸಿಗೆ ನಿದ್ದೆ ಬೇಡವೇ? ಎಸಿ ತಂದರು. ಗೆರೆ ದಾಟುತ್ತೆ ಅಲ್ವಾ ಎಂದು ದೊಡ್ಡಮ್ಮ ಕೇಳಿದಾಗ ಮೈದುನ, ದಾಟಿದರೆ ದಾಟಲಿ ಅತ್ತಿಗೆ, ಈಗ ಆಗುತ್ತೆ ಎಂದ. ಸೊಕ್ಕಿನಿಂದ ಹೇಳಿದ್ದಲ್ಲ. ಈಗ ಆಗುತ್ತೆ, ಅಷ್ಟೇ.

ಎಸಿ ಕೂರಿಸಲು ಬಂದವನು ಕೆಲಸದಲ್ಲಿ ಅಚ್ಚುಕಟ್ಟು. ಯಂತ್ರ ಸಿಕ್ಕಿಸಿ ಚಾಲೂ ಮಾಡಿ, ಕೋಣೆಯ ಸುತ್ತ ನೋಡಿ, ಈ ಹಲಗೆ ಅಡಿಯಿಂದ ತಂಪೆಲ್ಲ ಸೋರಿ ಹೋಗುತ್ತೆ, ದುಡ್ಡು ಕೊಟ್ಟು ಪಕ್ಕದ ಮನೆ ತಣ್ಣಗೆ ಮಾಡಿದ ಹಾಗೆ ಎಂದ. ಹಲಗೆಯ ಈ ಕಡೆ ಬಟ್ಟೆ ಮಡಿಸುತ್ತಿದ್ದ ದೊಡ್ಡಮ್ಮನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಅವನು ಹೇಳಿದ್ದು ಸರಿಯೇ. ಉಳಿದ ಕಾವನ್ನೂ ವ್ಯರ್ಥ ಮಾಡದವಳಿಗೆ ಸೋರುವ ತಂಪಿನ ಲೆಕ್ಕ ಯಾರೂ ಹೇಳಬೇಕಾಗಿರಲಿಲ್ಲ. ಅವನು ರಬ್ಬರಿನ ಪಟ್ಟಿ ತಂದು ಸಂದಿಗೆ ತುರುಕತೊಡಗಿದ. ಆ ಕಡೆಯಿಂದಲೇ ಕೂಗಿದ.

“ಯಾರಾದ್ರೂ ಇದೀರಾ ಆ ಕಡೆ? ಗಾಳಿ ಬರ್ತಿದ್ಯಾ ಸ್ವಲ್ಪ ನೋಡಿ.”

ದೊಡ್ಡಮ್ಮ ಬಟ್ಟೆ ಬಿಟ್ಟು ಬಂದು, ನೆಲದ ಮೇಲೆ ಕುಳಿತು, ಅಂಗೈಯನ್ನು ಸಂದಿನ ಹತ್ತಿರ ಹಿಡಿದಳು. ತಣ್ಣನೆಯ ಗಾಳಿ ಬೆರಳುಗಳ ನಡುವೆ ಹಾಯುತ್ತಿತ್ತು.

“ಬರ್ತಿದೆ.”

“ಎಲ್ಲಿ?”

“ಇಲ್ಲಿ. ಮೂಲೆಯಿಂದ ಮೊಳದಷ್ಟು ಈಚೆ.” ಅಲ್ಲಿಯೇ ಮರಿಯ ಹಾಸಿಗೆಯ ತಲೆದೆಸೆ ಇದ್ದದ್ದು.

ಅವನು ಇನ್ನಷ್ಟು ತುರುಕಿ ಒತ್ತಿದ. “ಈಗ?”

“ಇನ್ನೂ ಸ್ವಲ್ಪ.”

ಒತ್ತಿ ಒತ್ತಿ ಸುತ್ತಿಗೆಯಿಂದ ಬಡಿದ. “ಈಗ?”

ಅವಳು ಅಂಗೈಯನ್ನು ಸಂದಿನ ಉದ್ದಕ್ಕೂ ಸರಿಸಿ ನೋಡಿದಳು.

“ಇಲ್ಲ. ಈಗ ಏನೂ ಬರ್ತಿಲ್ಲ.”

ಅವತ್ತು ಮಲಗುವ ಹೊತ್ತಿಗೆ ಹಲಗೆಯ ಮೇಲೆ ಎರಡು ಸಲ ತಟ್ಟಿದ ಸದ್ದು ಕೇಳಿಸಿತು. ಅವಳೂ ಎರಡು ಸಲ ತಟ್ಟಿದಳು. ಕೆಲವು ದಿನ ಹಾಗೆ ನಡೆಯಿತು. ಆಮೇಲೆ ಮರಿಯ ಹಾಸಿಗೆಯನ್ನು ಎಸಿಯ ನೇರಕ್ಕೆ ಎಳೆದರು.

ಸಂಜೆ ಶಾಲೆಯಿಂದ ಬಂದ ಮೇಲೆ ಮರಿ ಓಣಿ ಸುತ್ತಿ ಈ ಕಡೆ ಬರುವುದು ನಿಂತಿರಲಿಲ್ಲ. ಅದಕ್ಕಾಗಿ ದೊಡ್ಡಮ್ಮ ದಿನವಿಡೀ ಹಾಕದ ಫ್ಯಾನನ್ನು ಕಾಲಿನ ಸಪ್ಪಳ ಕೇಳಿದೊಡನೆ ಹಾಕುತ್ತಿದ್ದಳು, ದೀಪವನ್ನೂ ಹಚ್ಚುತ್ತಿದ್ದಳು. ಮರಿ ಬಂತೆಂದರೆ ಆ ಕೋಣೆಯಲ್ಲಿ ಬೆಳಕು ಎಂದು ಇಸ್ತ್ರಿಯವನು ನಗುತ್ತಿದ್ದ. ಆದರೆ ಮಗು ಬೆಳೆಯುತ್ತಿತ್ತು, ಕಣ್ಣಿಗೆ ಎಲ್ಲವೂ ಬೀಳುತ್ತಿತ್ತು. ಒಂದು ಸಂಜೆ ಅದು ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ ಬಂದು ಹೊಸ್ತಿಲಲ್ಲಿ ನಿಂತಿತು. ಒಳಗೆ ಕತ್ತಲು. ಇಬ್ಬರೂ ಬೆವರುತ್ತ ಸುಮ್ಮನೆ ಕುಳಿತಿದ್ದರು. ದೊಡ್ಡಮ್ಮ ಗಡಬಡಿಸಿ ಎದ್ದು ಸ್ವಿಚ್ಚು ಹುಡುಕಿದಳು, ಫ್ಯಾನ್ ತಿರುಗಿತು. ಮರಿ ಸ್ವಲ್ಪ ಹೊತ್ತು ಕುಳಿತರೂ ಶಾಲೆಯ ಪುಸ್ತಕ ತೆರೆಯಲೇ ಇಲ್ಲ. ಎದ್ದು ಹೋಗಿ, ಕಾಲ್ಬೆರಳ ಮೇಲೆ ನಿಂತು, ಫ್ಯಾನು ಮತ್ತು ದೀಪ ಎರಡನ್ನೂ ತಾನೇ ಆರಿಸಿತು.

“ನಾನು ನಮ್ಮ ಕಡೆ ಓದ್ಕೋತೀನಿ ದೊಡ್ಡಮ್ಮ. ನಿಮ್ಮದು ಸುಮ್ಮನೆ ಓಡುತ್ತೆ.”

ಅದು ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಕೋಣೆಯಿಂದ ಏಳುವಾಗ ಸ್ವಿಚ್ಚು ಆರಿಸುವುದನ್ನು ಅದಕ್ಕೆ ಕಲಿಸಿದ್ದು ಅವಳೇ. ಮಗು ಹೋದ ಮೇಲೆ ಕತ್ತಲಲ್ಲಿ ಕುಳಿತ ಅವಳಿಗೆ ಮೊದಲು ನೆನಪಾದದ್ದು ಬೇರೆ: ಅದು ದೊಮ್ಮ ಎನ್ನಲಿಲ್ಲ, ದೊಡ್ಡಮ್ಮ ಎಂದಿತು. ನಮ್ಮ ಕಡೆ ಎಂದಿತು. ಬಿಸ್ಕತ್ತು ಕೊಟ್ಟು ಬಾಯಿಪಾಠ ಮಾಡಿಸಿದ್ದ ಮಾತು ಈಗ ಯಾರೂ ಹೇಳಿಕೊಡದೆ ಬಂದಿತ್ತು.

ಮರುವರ್ಷ ಮೈದುನನ ಮನೆಯವರು ಆಸ್ಪತ್ರೆಯ ಆಚೆ ಹೊಸದಾಗಿ ಎದ್ದ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ಕೊಂಡು ಹೋದರು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ಸಾಮಾನು ಸಾಗಿಸುವಾಗ ನರ್ಸು ದೊಡ್ಡಮ್ಮನ ಭುಜಕ್ಕೆ ತಲೆಯಿಟ್ಟು ಅತ್ತಳು. ಅಕ್ಕ, ನೀವು ಇಲ್ಲದಿದ್ದರೆ ನನ್ನ ಕೆಲಸವೂ ಇಲ್ಲ, ನನ್ನ ಮಗಳೂ ಇಲ್ಲ ಎಂದಳು. ಮೈದುನ ಹಿಂದಿನ ಬಾಗಿಲಿನ ಬೀಗದ ಕೈಯನ್ನು ಅತ್ತಿಗೆಯ ಕೈಗಿತ್ತು, ರಜಾ ಬಂದಾಗಲೆಲ್ಲ ಬಂದು ಇರುತ್ತೇವೆ ಎಂದ. ಅವನು ಸುಳ್ಳು ಹೇಳುವವನಲ್ಲ. ಹೇಳುವಾಗ ಅದು ನಿಜವೇ ಇತ್ತು.

ಈಗ ಹಲಗೆ ಕೀಳೋಣವೇ, ಗಾಳಿಯಾದರೂ ಆಡುತ್ತದೆ ಎಂದ ಇಸ್ತ್ರಿಯವನು. ದೊಡ್ಡಮ್ಮ ಬೇಡವೆಂದಳು. ಹಲಗೆ ಕಿತ್ತರೆ ಮನೆ ಒಂದೇ ಎಂದಾಗುತ್ತದೆ. ತನಿಖೆಯವರು ಬಂದರೆ ಎರಡನೆಯ ಮೀಟರ್ ಹೋಗುತ್ತದೆ. ಒಂದೇ ಮನೆಗೆ ಎರಡನೆಯದನ್ನು ಕೊಡುವುದನ್ನು ಕಚೇರಿಯವರು ಈಗ ಪೂರ್ತಿ ನಿಲ್ಲಿಸಿದ್ದರು. ಹೋದದ್ದು ಮತ್ತೆ ಬರುವುದಿಲ್ಲ. ಆಮೇಲೆ ಅವರು ರಜೆಗೆ ಬಂದರೆ ಎಸಿ ಯಾವುದರಿಂದ ಓಡಿಸುವುದು? ಮಗುವಿಗೆ ಸೆಕೆ ತಡೆಯುವುದಿಲ್ಲ. ಎಸಿಯನ್ನು ಅವರು ಬಿಚ್ಚಿಕೊಂಡು ಹೋಗಿದ್ದು ಅವಳಿಗೂ ಗೊತ್ತಿತ್ತು.

ಮೀಟರ್ ಓದುವವನು ಇನ್ನೊಂದು ಮಾತು ಹೇಳಿದ್ದ. ತಿಂಗಳುಗಟ್ಟಲೆ ಒಂದು ಯೂನಿಟ್ಟೂ ಓಡದಿದ್ದರೆ ಬೀಗ ಹಾಕಿದ ಮನೆ ಎಂದು ಬರೆದು ಸಂಪರ್ಕ ಕಡಿದುಬಿಡುತ್ತಾರಂತೆ. ಆದ್ದರಿಂದ ದೊಡ್ಡಮ್ಮ ಪ್ರತಿ ಸಂಜೆ ಓಣಿ ಸುತ್ತಿ ಹೋಗಿ, ಹಿಂದಿನ ಬಾಗಿಲ ಬೀಗ ತೆಗೆದು, ಒಳಗಿನ ದೀಪ ಹಚ್ಚುತ್ತಿದ್ದಳು. ಖಾಲಿ ಕೋಣೆ. ಗೋಡೆಯ ಮೇಲೆ ಎಸಿ ಇದ್ದ ಜಾಗದಲ್ಲಿ ತೂತು, ಒಲೆಯ ಹಿಂದೆ ಸುಳ್ಳಿಗಾಗಿ ಚಿಮುಕಿಸಿ ಆಮೇಲೆ ನಿಜವಾಗಿಯೇ ಆದ ಎಣ್ಣೆಯ ಕಲೆ. ಮೂಲೆಯಲ್ಲಿ ಮರಿ ಬಿಟ್ಟುಹೋದ ಚಿಕ್ಕ ದಿಂಬು. ಅವಳು ಸ್ವಲ್ಪ ಹೊತ್ತು ಬೆಳಕಿನಲ್ಲಿ ಕುಳಿತು, ಮೀಟರ್ ಒಂದಿಷ್ಟು ತಿರುಗಿದ ಮೇಲೆ ಆರಿಸಿ ಬೀಗ ಹಾಕಿ ಬರುತ್ತಿದ್ದಳು. ತನ್ನ ಮನೆಯಲ್ಲಿ ಮುಖ ಕಾಣದಷ್ಟು ಕತ್ತಲಾಗುವವರೆಗೆ ದೀಪ ಹಚ್ಚದವಳು, ಯಾರೂ ಇಲ್ಲದ ಕೋಣೆಯಲ್ಲಿ ಹೊತ್ತಿಗೆ ಮುಂಚೆಯೇ ಹಚ್ಚುತ್ತಿದ್ದಳು. ಆ ಬಿಲ್ಲನ್ನೂ ಅವಳೇ ಕಟ್ಟುತ್ತಿದ್ದಳು. ಗಂಡ ಕೇಳಲಿಲ್ಲ. ವಾರಕ್ಕೊಮ್ಮೆ ಆ ದಿಂಬಿನ ಚೀಲವನ್ನು ಒಗೆದು ಹಾಕುತ್ತಿದ್ದದ್ದನ್ನೂ ಕೇಳಲಿಲ್ಲ.

ಅವರು ಒಂದು ಸಲ ಬಂದರು, ಸಂಜೆಗೇ ಹೊರಟರು. ಮರಿಗೆ ಪರೀಕ್ಷೆ ಇತ್ತು. ಇನ್ನೊಂದು ಸಲ ಬರುತ್ತೇವೆಂದು ಬರಲಾಗಲಿಲ್ಲ. ಆಮೇಲೆ ಮೈದುನನ ಫೋನು ಬಂತು. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ ಕೊನೆಗೆ ವಿಷಯಕ್ಕೆ ಬಂದ.

“ಅತ್ತಿಗೆ, ಇಲ್ಲಿ ಹೊಸ ನಿಯಮ ಮಾಡಿದಾರೆ. ಒಬ್ಬರ ಹೆಸರಲ್ಲಿ ಒಂದೇ ಮೀಟರ್ ಇದ್ರೆ ಮಾತ್ರ ರಿಯಾಯಿತಿ. ಅಲ್ಲಿಯದು ನನ್ನ ಹೆಸರಲ್ಲಿದೆಯಲ್ಲ. ಮನೆ ಸಾಲದ ಕಂತು ಬೇರೆ. ಈಗ ಮತ್ತೆ ಗೆರೆ ನೋಡೋ ಕಾಲ ಬಂತು ನಮಗೂ.” ನಗಲು ನೋಡಿದ. “ಅದು ಹೇಗೂ ಖಾಲಿ ಇದೆ. ಬಿಟ್ಟುಕೊಡೋಣ ಅಂತ ಅರ್ಜಿ ಹಾಕಿದೀನಿ.”

“ಹಾಕು, ಹಾಕು,” ಎಂದಳು ದೊಡ್ಡಮ್ಮ. “ಸುಮ್ಮನೆ ಯಾಕೆ ಎರಡೆರಡು. ಮರಿ ಊಟ ಸರಿಯಾಗಿ ಮಾಡ್ತಾಳಾ?”

ಲೈನ್‌ಮನ್ ಬಂದದ್ದು ಮಧ್ಯಾಹ್ನ, ಇಸ್ತ್ರಿಯವನು ಇದ್ದ ಒಂದೇ ಗಂಟಿನ ಕೊನೆಯ ಅಂಗಿಗಳನ್ನು ಒತ್ತುತ್ತಿದ್ದಾಗ. ಲೈನ್‌ಮನ್ ಏಣಿ ಇಟ್ಟು, ಕನ್ನಡಕ ಸರಿಪಡಿಸಿಕೊಂಡು ಎರಡನೆಯ ಮೀಟರಿನ ಅಂಕಿ ಓದಿ, ಕೈಯಲ್ಲಿದ್ದ ಕಾಗದ ನೋಡಿ ಹುಬ್ಬು ಗಂಟಿಕ್ಕಿದ.

“ಯಾರೂ ವಾಸ ಇಲ್ಲ ಅಂತ ಇದೆ ಅರ್ಜಿಯಲ್ಲಿ. ಪ್ರತಿ ತಿಂಗಳೂ ಚೂರು ಚೂರು ಓಡಿದೆಯಲ್ಲಮ್ಮ. ಯಾರು ಉರಿಸಿದ್ದು?”

ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಹಿಂದಿನ ಬಾಗಿಲಿನ ಕೀಲಿ ಕೈ.

“ಅವರೇ,” ಎಂದಳು. “ಬರ್ತಾ ಇರ್ತಾರೆ. ಮಗು ಇಲ್ಲೇ ಮಲಗೋದು.”

ಲೈನ್‌ಮನ್ ಕಾಗದದ ಪ್ರಕಾರ ಒಳಗಿನ ತಂತಿಯನ್ನೂ ನೋಡಬೇಕಿತ್ತು. ಅವಳು ಓಣಿ ಸುತ್ತಿಸಿ ಕರೆದುಕೊಂಡು ಹೋಗಿ ಬೀಗ ತೆಗೆದಳು. ಅವನು ಧೂಳು ನೋಡಿದ, ಬರಿಯ ನೆಲ ನೋಡಿದ, ಚೀಲವಿಲ್ಲದ ಚಿಕ್ಕ ದಿಂಬು ನೋಡಿದ. ಬಲ್ಬನ್ನು ಬಿಚ್ಚಿ ಅವಳ ಕೈಗೆ ಕೊಟ್ಟ. ಹೊರಡುವಾಗ ಹಲಗೆಯನ್ನು ತಟ್ಟಿ, ಇನ್ನು ಇದನ್ನ ಕೀಳಬಹುದು, ಒಂದೇ ಮೀಟರ್ ಅಲ್ವಾ, ಮನೆ ದೊಡ್ಡದಾಗುತ್ತೆ ಎಂದ.

ಮೀಟರ್ ಇಳಿಸಿದ ಗೋಡೆಯಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿಯಿತು.

ಅವಳು ಒಳಗೆ ಬಂದಾಗ ಗಂಡ ರೂಢಿಯಂತೆ ಪ್ಲಗ್ ಕಿತ್ತಿದ್ದ. ಪೆಟ್ಟಿಗೆಯ ಅಡಿ ಮುಟ್ಟದೆ, ಅಂಗೈಯನ್ನು ಹತ್ತಿರ ಹಿಡಿದು ನೋಡಿ, “ಕಾವಿದೆ ಇನ್ನೂ. ಚಿಕ್ಕದೇನಾದ್ರೂ ಇದ್ರೆ ಕೊಡು,” ಎಂದ.

ಗಿರಾಕಿಗಳ ಬಟ್ಟೆಯಲ್ಲಿ ಚಿಕ್ಕದೇನೂ ಉಳಿದಿರಲಿಲ್ಲ. ಅವಳು ಹಗ್ಗದ ಮೇಲಿಂದ ಆ ದಿಂಬಿನ ಚೀಲ ತಂದು ಮೇಜಿನ ಮೇಲೆ ಹಾಸಿದಳು. ಅವನು ಒತ್ತತೊಡಗಿದ. ಮೂಲೆಗಳನ್ನು ಎಳೆದು, ಹೊಲಿಗೆಯ ಗುಂಟ ನಿಧಾನವಾಗಿ, ಮದುವೆ ಮನೆಯ ಬಟ್ಟೆ ಒತ್ತುವಂತೆ ಒತ್ತಿದ. ಒಂದು ಮಗ್ಗುಲು ಮುಗಿಯಿತು. ಇನ್ನೊಂದು ಮಗ್ಗುಲಿಗೆ ತಿರುವಿದಾಗ ಪೆಟ್ಟಿಗೆ ತಣ್ಣಗಾಗಿತ್ತು. ಎಷ್ಟು ಒತ್ತಿದರೂ ಸುಕ್ಕು ಬಿಡಲಿಲ್ಲ. ಅವನ ಕೈ ಪ್ಲಗ್ಗಿನ ಕಡೆ ಹೋಯಿತು.

“ಬೇಡ ಬಿಡಿ,” ಎಂದಳು ದೊಡ್ಡಮ್ಮ.

ಇಸ್ತ್ರಿಯಾದ ಮಗ್ಗುಲು ಹೊರಗೆ ಬರುವಂತೆ ಚೀಲವನ್ನು ಮಡಿಸಿ, ಗಟ್ಟಿಯಾದ ಹೆಬ್ಬೆರಳಿನಿಂದ ಅಂಚನ್ನು ಒಂದು ಸಲ ತೀಡಿ, ತನ್ನ ದಿಂಬಿನ ಕೆಳಗೆ ಇಟ್ಟಳು.